ದಂಡಕ್ಕೂ ಆಷಾಢದ ಡಿಸ್ಕೌಂಟು!

ಆಷಾಢ ಬಂತೆಂದರೆ ಸೀರೆ ಅಂಗಡಿಯವರು ಡಿಸ್ಕೌಂಟ್ ಬೋರ್ಡ್ ನೇತು ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಮಾಲು ಅವರದು, ದುಡ್ಡು ನಮ್ಮದು, ಇಬ್ಬರಿಗೂ ಖುಷಿ. ಆದರೆ ಸರ್ಕಾರ ತಾನೇ ಹಾಕಿದ ದಂಡಕ್ಕೆ ತಾನೇ ಡಿಸ್ಕೌಂಟ್ ಬೋರ್ಡ್ ಹಾಕಿಕೊಂಡು ಕೂರುವುದು ಯಾವ ಸೀಮೆ ವ್ಯಾಪಾರ ಸ್ವಾಮಿ?

ನಾನಿರುವ ಹೈದರಾಬಾದಿನಲ್ಲಿ ಇದು ನಡೆದಿದೆ. 2022ರ ಮಾರ್ಚ್‌ನಲ್ಲಿ ತೆಲಂಗಾಣದ ಪೊಲೀಸರು ಹಳೇ ಟ್ರಾಫಿಕ್ ಚಲನ್‌ಗಳ ಮೇಲೆ ರಿಯಾಯಿತಿ ಕೊಟ್ಟರು. ದ್ವಿಚಕ್ರ ವಾಹನಕ್ಕೆ ಶೇಕಡಾ 75, ಕಾರಿಗೆ ಶೇಕಡಾ 50. ಎರಡು ವರ್ಷ ತುಂಬುವುದರೊಳಗೆ, 2023ರ ಡಿಸೆಂಬರ್ 26ಕ್ಕೆ, ಇನ್ನೊಂದು ಸುತ್ತು. ಈ ಸಲ ದ್ವಿಚಕ್ರಕ್ಕೆ ಶೇಕಡಾ 80, ಕಾರಿಗೆ ಶೇಕಡಾ 60! ಜನವರಿ 10ಕ್ಕೆ ಮುಗಿಯಬೇಕಿದ್ದದ್ದು ಫೆಬ್ರವರಿ 15ರವರೆಗೆ ಎಳೆಯಿತು. ಅಂಗಡಿಯವರೂ "ಕೊನೇ ಮೂರು ದಿನ" ಅಂತ ಬರೆದು ತಿಂಗಳುಗಟ್ಟಲೆ ಎಳೆಯುತ್ತಾರಲ್ಲ, ಥೇಟ್ ಹಾಗೇ.

ನಮ್ಮೂರಿನವರು ನಗುವುದು ಬೇಡ. ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಒಂಬತ್ತೇ ದಿನದಲ್ಲಿ 120 ಕೋಟಿ ರೂಪಾಯಿ ಬಂತು. "ಭರ್ಜರಿ ವಸೂಲಿ" ಅಂತ ಸುದ್ದಿಯಾಯಿತು. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ಅರ್ಧ ಬೆಲೆ. 120 ಕೋಟಿ ಬಂತು ಎಂದರೆ ಇನ್ನೊಂದು 120 ಕೋಟಿ ಹೋಯಿತು ಎಂದೂ ಅರ್ಥ ಎನ್ನುವುದು ಯಾರಿಗೂ ಹೊಳೆಯಲಿಲ್ಲವೇ?

ನಾನು ಬ್ಯಾಂಕಿನವನು. ಓದಿದ್ದು ಬಿ.ಕಾಂ. ಕಾನೂನು ಪಂಡಿತನೂ ಅಲ್ಲ, ರಸ್ತೆ ಕಟ್ಟುವ ಎಂಜಿನಿಯರೂ ಅಲ್ಲ. ಆದರೆ ಬಾಕಿ, ವಸೂಲಿ, ಮನ್ನಾ ಎಂಬ ಈ ಮೂರು ಪದಗಳ ಜತೆ ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ. ಆ ಹಕ್ಕಿನಿಂದಲೇ ಈ ಮಾತು.

ಮೊದಲು, ನಮ್ಮ ಜನ ಯಾವ ನಿಯಮ ಪಾಲಿಸುತ್ತಾರೆ, ಯಾವುದನ್ನು ಗಾಳಿಗೆ ತೂರುತ್ತಾರೆ ನೋಡೋಣ. ಹೈದರಾಬಾದಿನಲ್ಲಿ ಬೈಕ್ ಓಡಿಸುವವನು ಹೆಲ್ಮೆಟ್ ಹಾಕುತ್ತಾನೆ. ಹಿಂದೆ ಕೂತ ಹೆಂಡತಿಗೆ ಹೆಲ್ಮೆಟ್ ಇಲ್ಲ. ಇಬ್ಬರ ನಡುವೆ ಕೂತ ಮಗುವಿಗಂತೂ ಕೇಳಲೇಬೇಡಿ. ಹಾಕಿದವನೂ ಪಟ್ಟಿ ಬಿಗಿಯುವುದಿಲ್ಲ, ಏಕೆಂದರೆ ಕ್ಯಾಮೆರಾಗೆ ಪಟ್ಟಿ ಕಾಣುವುದಿಲ್ಲ! ಪೊಲೀಸ್ ನಿಂತಿರುವ ಸಿಗ್ನಲ್ಲಿನಲ್ಲಿ ಎಲ್ಲರೂ ಸತ್ಯ ಹರಿಶ್ಚಂದ್ರರು. ರಾತ್ರಿ ಹತ್ತು ದಾಟಿದರೆ ಅದೇ ಕೆಂಪು ದೀಪ ಬರೀ ಅಲಂಕಾರ. ಕಾರಿನಲ್ಲಿ ಮುಂದೆ ಕೂತವರಿಗೆ ಬೆಲ್ಟು, ಹಿಂದೆ ಕೂತವರಿಗೆ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸೈರಸ್ ಮಿಸ್ತ್ರಿ ತೀರಿಕೊಂಡಿದ್ದು ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದಾಗಲೇ. ಒಂದು ವಾರ ಎಲ್ಲರೂ ಅದನ್ನೇ ಮಾತಾಡಿದರು. ಆಮೇಲೆ ಬೆಲ್ಟು ಮತ್ತೆ ಸೀಟಿನ ಸಂದಿಗೆ ಸೇರಿತು.

ಇನ್ನು ಇಲ್ಲಿನ ರಾಷ್ಟ್ರೀಯ ಕ್ರೀಡೆ ಎಂದರೆ "ರಾಂಗ್ ರೂಟ್". ಎದುರು ದಿಕ್ಕಿನಿಂದ ರಸ್ತೆಯ ಅಂಚು ಹಿಡಿದು ಬರುವುದಕ್ಕೆ ಹೈದರಾಬಾದಿಗಳು ಇಟ್ಟ ಹೆಸರು ಅದು. ಹೆಸರಿನಲ್ಲೇ ನೋಡಿ, ಅದೂ ಒಂದು ರೂಟ್ ಅಂತೆ! ಕೇಳಿದರೆ "ಕುಚ್ ನೈ ಹೋತಾ ಚಾಚಾ" ಎಂದು ನಗುತ್ತಾ ಹೋಗುತ್ತಾರೆ. ಫ್ರೀ ಲೆಫ್ಟ್‌ಗೆ ಅಡ್ಡ ನಿಲ್ಲುವುದು, ಊರೊಳಗೂ ಹೈ ಬೀಮ್ ಹಾಕಿ ಎದುರಿನವನ ಕಣ್ಣು ಕುರುಡು ಮಾಡುವುದು, ಆಂಬುಲೆನ್ಸ್‌ಗೆ ದಾರಿ ಬಿಟ್ಟ ಹಾಗೆ ಮಾಡಿ ಅದರ ಬಾಲ ಹಿಡಿದು ನುಗ್ಗುವುದು, ಇವೆಲ್ಲ ತಪ್ಪು ಅಂತಲೇ ಯಾರಿಗೂ ಅನ್ನಿಸುವುದಿಲ್ಲ.

ಹಾಗಾದರೆ ಇವರು ಸಂಸ್ಕಾರವಿಲ್ಲದ ಜನವೇ? ಖಂಡಿತ ಅಲ್ಲ. ಇದೇ ಊರಿನ ಮರ್ಯಾದೆ ನೋಡಿ ನಾನು ಇಲ್ಲೇ ಉಳಿದವನು. ಮನೆಗೆ ಹೋದರೆ ಚಹಾ ಕುಡಿಸದೆ ಕಳಿಸುವುದಿಲ್ಲ. ಹಿರಿಯರು ಬಂದರೆ ಕುರ್ಚಿ ಬಿಟ್ಟು ಏಳುತ್ತಾರೆ. ಅದೇ ಮನುಷ್ಯ ಸ್ಟೇರಿಂಗ್ ಹಿಡಿದ ಕೂಡಲೇ ಜೀಬ್ರಾ ಪಟ್ಟಿಯ ಮೇಲೆ ನಡೆಯುವ ಮುದುಕನಿಗೆ ಹಾರ್ನ್ ಹೊಡೆಯುತ್ತಾನೆ. ಮುಖ ಕಾಣುವ ಕಡೆ ಮರ್ಯಾದೆ, ನಂಬರ್ ಪ್ಲೇಟ್ ಮಾತ್ರ ಕಾಣುವ ಕಡೆ ಇಲ್ಲ. ಈಗ ಆ ನಂಬರ್ ಪ್ಲೇಟನ್ನೂ ಮಾಸ್ಕ್ ಕಟ್ಟಿಯೋ, ಬಗ್ಗಿಸಿಯೋ ಮರೆಮಾಡುವ ವಿದ್ಯೆ ಕಲಿತಿದ್ದಾರೆ.

ಆದರೆ ಒಂದು ನಿಯಮಕ್ಕೆ ಮಾತ್ರ ಈ ಊರು ಗಡಗಡ ನಡುಗುತ್ತದೆ. ಅದು ಕುಡಿದು ಗಾಡಿ ಓಡಿಸುವುದು. ಶನಿವಾರ ರಾತ್ರಿ ಪಾರ್ಟಿಗೆ ಹೋಗುವ ನಮ್ಮ ಕಿರಿಯ ಆಫೀಸರುಗಳು, ಹೆಲ್ಮೆಟ್ ಮರೆಯುವ ಅದೇ ಹುಡುಗರು, ತಪ್ಪದೆ ಕ್ಯಾಬ್ ಹಿಡಿಯುತ್ತಾರೆ. ಯಾಕೆ? ಅವರಿಗೆ ದಿಢೀರ್ ಜ್ಞಾನೋದಯವಾಯಿತೇ? ಇಲ್ಲ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಸಿಕ್ಕರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಗೋಶಾಮಹಲ್‌ನ ಟ್ರಾಫಿಕ್ ತರಬೇತಿ ಸಂಸ್ಥೆಯಲ್ಲಿ ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೌನ್ಸೆಲಿಂಗ್. ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಕೈ ಕಟ್ಟಿ ನಿಲ್ಲುವುದು. ಅಲ್ಲಿ "ಸರ್, ಡಿಸೆಂಬರ್‌ನಲ್ಲಿ ಆಫರ್ ಬರುತ್ತಂತೆ, ಆಗ ಕಟ್ಟುತ್ತೇನೆ" ಅಂತ ಹೇಳಿ ನೋಡಿ!

ನನ್ನ ವಾದವೆಲ್ಲ ಇಷ್ಟೇ. ಜನ ನಿಯಮ ಪಾಲಿಸುವುದು ದಂಡ ದೊಡ್ಡದು ಅಂತ ಅಲ್ಲ, ದಂಡ ತಪ್ಪುವುದಿಲ್ಲ ಅಂತ. ದಂಡ ತಪ್ಪುತ್ತದೆ, ಇಲ್ಲವೇ ಕರಗುತ್ತದೆ ಎಂದು ಒಮ್ಮೆ ಗೊತ್ತಾದರೆ ಅದು ದಂಡವಲ್ಲ, ಬಾಡಿಗೆ. 2022ರ ನವೆಂಬರ್‌ನಲ್ಲಿ ಹೈದರಾಬಾದ್ ಪೊಲೀಸರು ರಾಂಗ್ ರೂಟಿಗೆ 1,700 ರೂಪಾಯಿ, ತ್ರಿಬಲ್ ರೈಡಿಂಗಿಗೆ 1,200 ರೂಪಾಯಿ ಎಂದು ದೊಡ್ಡದಾಗಿ ಸಾರಿದರು. ಸರಿ, ಒಪ್ಪಿದೆ. ಒಂದೇ ವರ್ಷದಲ್ಲಿ ಶೇಕಡಾ 80 ಬಿಟ್ಟರು. ಲೆಕ್ಕ ಹಾಕಿ, 1,700 ಹೋಗಿ 340 ಆಯಿತು. ಬಿರಿಯಾನಿಯ ರೇಟು!

ಇದು ನನ್ನ ಕಪೋಲಕಲ್ಪಿತ ಸಿದ್ಧಾಂತವಲ್ಲ. ಇಸ್ರೇಲಿನ ಹೈಫಾದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು, ಗ್ನೀಜಿ ಮತ್ತು ರುಸ್ತಿಕಿನಿ, ಹತ್ತು ಶಿಶುವಿಹಾರಗಳಲ್ಲಿ ಒಂದು ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ಸಣ್ಣ ದಂಡ ಹಾಕಿದರೆ ತಡ ಕಡಿಮೆಯಾಗುತ್ತದೆ ಎಂದು ನಾವು ನೀವು ಅಂದುಕೊಳ್ಳುತ್ತೇವೆ. ಆಗಿದ್ದು ಉಲ್ಟಾ, ತಡವಾಗಿ ಬರುವವರು ಹೆಚ್ಚಾದರು! ಮೊದಲು ಟೀಚರಮ್ಮನ ಮುಂದೆ ನಾಚಿಕೆಯಾಗುತ್ತಿತ್ತು. ಈಗ ದುಡ್ಡು ಕೊಟ್ಟೆವಲ್ಲ, ನಾಚಿಕೆ ಯಾಕೆ? ಇನ್ನೂ ಬೇಸರದ ಸಂಗತಿ ಎಂದರೆ, ದಂಡ ತೆಗೆದ ಮೇಲೂ ಹೋದ ನಾಚಿಕೆ ವಾಪಸು ಬರಲಿಲ್ಲ. ಸಣ್ಣ ದಂಡವೇ ಹೀಗೆ ಮಾಡಿದರೆ, ಡಿಸ್ಕೌಂಟ್ ಆದ ದಂಡ ಏನು ಮಾಡೀತು?

ನಮ್ಮ ಶಾಖೆಯ ಅಟೆಂಡರ್ ಒಬ್ಬರ ಕತೆ ಹೇಳುತ್ತೇನೆ. ನಿವೃತ್ತಿಗೆ ಎರಡು ವರ್ಷ ಇತ್ತು. ಸಂಜೆ ಶಾಖೆ ಮುಚ್ಚಿ, ಬಲಕ್ಕೆ ನೋಡಿ ವಾಹನ ಇಲ್ಲವೆಂದು ಖಾತ್ರಿ ಮಾಡಿಕೊಂಡು ರಸ್ತೆಗೆ ಕಾಲಿಟ್ಟರು. ಎಡದಿಂದ ರಾಂಗ್ ರೂಟಿನಲ್ಲಿ ಬೈಕ್ ಬಂತು. ಕಾಲಿಗೆ ರಾಡ್ ಹಾಕಿದರು. ಏಳು ತಿಂಗಳು ಮನೆಯಲ್ಲಿದ್ದರು, ರಜೆ ಮುಗಿದು ಸಂಬಳ ಕತ್ತರಿಸಿತು. ಇವತ್ತಿಗೂ ಮೆಟ್ಟಿಲು ಹತ್ತಲಾರರು. ಆ ಬೈಕಿನ ನಂಬರ್ ಹಾಕಿ ನೋಡಿದರೆ ಹದಿನಾಲ್ಕು ಚಲನ್ ಬಾಕಿ ಇದ್ದವು, ಅದರಲ್ಲಿ ಐದು ರಾಂಗ್ ರೂಟಿನದ್ದೇ. ಮುಂದಿನ ರಿಯಾಯಿತಿ ಬಂದಾಗ ಅವೆಲ್ಲ ಸೊನ್ನೆಯಾದವು. ಅವನ ಲೆಕ್ಕ ಚುಕ್ತಾ. ನಮ್ಮ ಅಟೆಂಡರ್ ಕಾಲಿಗೆ ಮಾತ್ರ ಯಾರೂ ಶೇಕಡಾ 80 ವಾಪಸು ಕೊಡಲಿಲ್ಲ. ದೇಶದ ಲೆಕ್ಕ ಹಿಡಿದರೆ 2022 ಒಂದೇ ವರ್ಷದಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಅದರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು ಐವತ್ತು ಸಾವಿರ.

"ಪಾಪ, ಬಡವರು ಸಾರ್. ಆಟೋದವರು, ಡೆಲಿವರಿ ಹುಡುಗರು ಎಲ್ಲಿಂದ ಕಟ್ಟುತ್ತಾರೆ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಬ್ಯಾಂಕಿನಲ್ಲೂ ಕಟ್ಟಲಾಗದವನು ಬರುತ್ತಾನೆ. ನಾವು ಕಂತು ಮಾಡಿಕೊಡುತ್ತೇವೆ, ಅವಧಿ ಹೆಚ್ಚಿಸುತ್ತೇವೆ. ದಂಡಕ್ಕೂ ಕಂತು ಮಾಡಿಕೊಡಿ, ಬೇಡ ಅಂದವರು ಯಾರು? ಆದರೆ ಕಾರಿನವನಿಗೂ ಶೇಕಡಾ 60 ಬಿಟ್ಟಿರಲ್ಲ, ಅವನು ಯಾವ ಬಡವ? 2008ರಲ್ಲಿ ಕೇಂದ್ರ ಸರ್ಕಾರ ರೈತರ ಸಾಲ ಮನ್ನಾ ಮಾಡಿದಾಗ ನಾನು ಮೆಹಬೂಬ್‌ನಗರ ಜಿಲ್ಲೆಯ ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ಹೆಂಡತಿಯ ಬಳೆ ಅಡವಿಟ್ಟು ವಾಯಿದೆಗೆ ಸರಿಯಾಗಿ ಸಾಲ ಕಟ್ಟಿದ್ದ ರೈತ ಬಂದು "ನಾನು ಮೂರ್ಖನಾದೆನಾ ಸಾರ್?" ಎಂದು ಕೇಳಿದ. ಉತ್ತರ ನನ್ನ ಹತ್ತಿರ ಇರಲಿಲ್ಲ. ಅಲ್ಲಾದರೂ ಮಳೆ ಕೈಕೊಟ್ಟಿತ್ತು, ಬೆಳೆ ಹೋಗಿತ್ತು ಎಂಬ ಸಮಾಧಾನವಿತ್ತು. ಹೆಲ್ಮೆಟ್ ಹಾಕದವನಿಗೆ ಯಾವ ಮಳೆ ಕೈಕೊಟ್ಟಿತ್ತು ಹೇಳಿ?

"ತಪ್ಪು ಚಲನ್‌ಗಳೂ ಬರುತ್ತವೆ" ಎನ್ನುವವರ ಮಾತಿಗೂ ಅರ್ಥವಿದೆ. ಆದರೆ ತಪ್ಪು ಚಲನ್ ಪೂರ್ತಿ ರದ್ದಾಗಬೇಕು. ಸರಿಯಾದ ಚಲನ್ ಪೂರ್ತಿ ವಸೂಲಾಗಬೇಕು. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಕಾಲುಭಾಗ ಕೊಡಿ ಎನ್ನುವುದು ನಿರಪರಾಧಿಗೂ ಅವಮಾನ, ಅಪರಾಧಿಗೂ ಬಹುಮಾನ.

"ಯೂ-ಟರ್ನ್ ಅಷ್ಟು ದೂರ ಇಟ್ಟರೆ ರಾಂಗ್ ರೂಟಲ್ಲಿ ಬರದೆ ಏನು ಮಾಡಬೇಕು?" ಇದು ಮೂರನೆಯದು, ಮತ್ತು ಇದರಲ್ಲಿ ಅರ್ಧ ಸತ್ಯವಿದೆ. ಈ ಊರಿನಲ್ಲಿ ಎಷ್ಟೋ ಜಂಕ್ಷನ್ ಮುಚ್ಚಿ ಎಲ್ಲೋ ದೂರದಲ್ಲಿ ಯೂ-ಟರ್ನ್ ಮಾಡಿದ್ದಾರೆ. ಎದುರಿನ ಔಷಧ ಅಂಗಡಿಗೆ ಹೋಗಲು ಒಂದೂವರೆ ಕಿಲೋಮೀಟರ್ ಸುತ್ತು ಎಂದರೆ ಜನ ಬೈಯುವುದು ಸಹಜ. ಅದಕ್ಕೆ ಜಿಎಚ್‌ಎಂಸಿಯನ್ನೂ ಟ್ರಾಫಿಕ್ ಪೊಲೀಸರನ್ನೂ ಹಿಡಿದು ಕೇಳಿ, ನಾನೂ ಜತೆಗೆ ಬರುತ್ತೇನೆ. ನಡೆದು ದಾಟುವವನ ಮೇಲೆ ಗಾಡಿ ನುಗ್ಗಿಸಬೇಡಿ. ಅವನೇನು ರಸ್ತೆಯ ನಕ್ಷೆ ಬರೆದವನಲ್ಲ.

ಆಗಬೇಕಾದದ್ದು ಏನೂ ಬ್ರಹ್ಮವಿದ್ಯೆಯಲ್ಲ. ಬೇಕಿದ್ದರೆ ದಂಡ ಕಡಿಮೆ ಮಾಡಿ, 1,700ರ ಬದಲು 500 ಮಾಡಿ. ಆದರೆ ಆ 500 ಬಿಡಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ಕ್ಯಾಮೆರಾ ಚಲನ್ ನೋಟಿಸು ಹದಿನೈದು ದಿನದೊಳಗೆ ಬರಬೇಕು. ಅದನ್ನು ಪಾಲಿಸಿ, ವರ್ಷಗಟ್ಟಲೆ ಬಾಕಿ ಬೆಳೆಯಲು ಬಿಡಬೇಡಿ. ತಕರಾರಿದ್ದವನಿಗೆ ಬೇಗ ವಿಚಾರಣೆ, ಕೈಲಾಗದವನಿಗೆ ಕಂತು. ಮೂರು ವರ್ಷ ಒಂದೂ ಚಲನ್ ಇಲ್ಲದವನಿಗೆ ಇನ್ಶೂರೆನ್ಸ್‌ನಲ್ಲಿ ಏನಾದರೂ ಬಿಡಿ, ಡಿಸ್ಕೌಂಟ್ ಕೊಡಲೇಬೇಕೆಂದಿದ್ದರೆ ಅವನಿಗೆ ಕೊಡಿ! ಇಲ್ಲಿಯವರೆಗೆ ನಿಯತ್ತಾಗಿ ಗಾಡಿ ಓಡಿಸಿದವನಿಗೆ ಸಿಕ್ಕಿದ್ದು ಏನು? ಹಿಂದಿನವನ ಹಾರ್ನು, ಜತೆಗೆ "ಹೊಸದಾಗಿ ಕಲಿತಿದ್ದೀರಾ ಅಂಕಲ್?" ಎಂಬ ಗೇಲಿ.

ಹೈ ಬೀಮ್ ಇಳಿಸುವುದಕ್ಕೆ, ಮುದುಕರಿಗೆ ದಾರಿ ಬಿಡುವುದಕ್ಕೆ ಕಾನೂನೇ ಬೇಕಾಗಿಲ್ಲ, ಅದು ಮನೆಯಲ್ಲಿ ಕಲಿತ ಮರ್ಯಾದೆ ಎನ್ನುವುದು ನನಗೂ ಗೊತ್ತು. ಆದರೆ ಅಂಥ ಮರ್ಯಾದೆ ಉಳಿಯಬೇಕಾದರೆ, ನಿಯಮ ಪಾಲಿಸಿದವನು ಮೂರ್ಖನಲ್ಲ ಎಂದು ಸರ್ಕಾರ ಮೊದಲು ತೋರಿಸಬೇಕು. ಮುಂದಿನ ಸಲ ಶೇಕಡಾ 90 ಬರಬಹುದು ಅಂತ ಚಲನ್ ಕಟ್ಟದೆ ಕಾಯುತ್ತಿರುವವರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ನಾಲ್ಕು ಜನ ಇದ್ದಾರೆ. ನಿಮ್ಮಲ್ಲಿ ಎಷ್ಟು ಮಂದಿ ಇದ್ದಾರೆ, ಒಮ್ಮೆ ಕೆಳಗಿಳಿದು ಪಾರ್ಕಿಂಗಿನಲ್ಲಿ ಕೇಳಿ ನೋಡಿ.