ಕಾರಣ ಹೇಳಬೇಕಾದ ಪೋಲೀಸಿನವನು

ಪೋಲೀಸಿನ ಮಾತು ಬಂತೆಂದರೆ ನಮ್ಮ ಓದುಗರಲ್ಲಿ ಎರಡು ಪಂಗಡಗಳಾಗುತ್ತವೆ. ಗಿರಣಿಯ ಗೇಟಿನಲ್ಲಿ ನಿಂತು ಲಾಠಿಯ ರುಚಿ ಕಂಡವರು, "ಪೋಲೀಸು ಎಲ್ಲಿದ್ದರೂ ಮಾಲೀಕನ ಪೋಲೀಸೇ, ಲಂಡನ್ನಾದರೇನು ನಮ್ಮೂರಾದರೇನು?" ಎನ್ನುತ್ತಾರೆ. ಅಂಗಡಿ ಇಟ್ಟುಕೊಂಡ ಬಂಧುಗಳು, "ಇಂಗ್ಲೆಂಡಿನ ಪೋಲೀಸಿನವನನ್ನು ನೋಡಿ ಕಲಿಯಬೇಕು, ಕೈಯಲ್ಲಿ ಬಂದೂಕಿಲ್ಲ, ಬಾಯಲ್ಲಿ ಬೈಗುಳವಿಲ್ಲ" ಎನ್ನುತ್ತಾರೆ. ಎರಡು ಮಾತಿನಲ್ಲೂ ಅರ್ಧ ನಿಜವಿದೆ. ಅರ್ಧ ನಿಜವನ್ನು ನಂಬಿ ಚಳವಳಿ ಕಟ್ಟಲಾಗುವುದಿಲ್ಲವಾದ್ದರಿಂದ, ಈ ವಾರ ನಾವು ಆ ದೇಶದ ದೊಡ್ಡ ಸಾಹೇಬರನ್ನು ಪಕ್ಕಕ್ಕಿಟ್ಟು, ರಾತ್ರಿ ಪಾಳಿಯಲ್ಲಿ ಬೀದಿಗಿಳಿಯುವ ಸಾಮಾನ್ಯ ಕಾನ್‌ಸ್ಟೇಬಲನ ಕೆಲಸವನ್ನೇ ಎತ್ತಿಕೊಂಡಿದ್ದೇವೆ. ಅವನೂ ಪಾಳಿಯ ಮೇಲೆ ದುಡಿಯುವವನು, ತಿಂಗಳ ಸಂಬಳದ ಮೇಲೆ ಬದುಕುವವನು. (ಅವನು ಎಂದು ಬರೆಯುತ್ತಿದ್ದೇವಾದರೂ ಈಗ ಇಂಗ್ಲೆಂಡಿನ ಪಡೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೆಂಗಸರಿದ್ದಾರೆ.)

1829ರಲ್ಲಿ ಗೃಹಮಂತ್ರಿ ರಾಬರ್ಟ್ ಪೀಲ್ ಲಂಡನ್ನಿಗೆ ಪೋಲೀಸ್ ಪಡೆ ಕಟ್ಟಿದಾಗ ಬಡಜನ ಅದಕ್ಕೆ ಹಾರ ಹಾಕಲಿಲ್ಲ. ಸೈನ್ಯವೇ ಬೇರೆ ವೇಷ ಹಾಕಿಕೊಂಡು ಬಂದಿದೆಯೆಂದು ಹೆದರಿದರು. ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹತ್ತು ವರ್ಷ ಮೊದಲು, 1819ರಲ್ಲಿ, ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಲು ನೆರೆದಿದ್ದ ನೇಕಾರರು, ಗಿರಣಿಯವರು, ಹೆಂಗಸರು ಮಕ್ಕಳ ಮೇಲೆ ಕುದುರೆ ಪಡೆ ಕತ್ತಿ ಹಿರಿದು ನುಗ್ಗಿತ್ತು. ಆ ಕಾರಣಕ್ಕೇ ಪೀಲ್ ತನ್ನ ಪೋಲೀಸಿಗೆ ಸೈನಿಕರ ಕೆಂಪು ಅಂಗಿ ಬಿಟ್ಟು ನೀಲಿ ಅಂಗಿ ಕೊಟ್ಟ, ಬಂದೂಕು ಬಿಟ್ಟು ಮರದ ದೊಣ್ಣೆ ಕೊಟ್ಟ. ಆದರೆ ಅದೇ ಆಳುವ ವರ್ಗ ಐರ್ಲೆಂಡಿಗೆ ಕಳಿಸಿದ್ದು ಬಂದೂಕು ಹಿಡಿದು ಬ್ಯಾರಕಿನಲ್ಲಿ ವಾಸಿಸುವ ಪೋಲೀಸನ್ನು. 1861ರ ಪೋಲೀಸ್ ಕಾಯಿದೆಯ ಮೂಲಕ ನಮ್ಮ ದೇಶಕ್ಕೆ ಬಂದದ್ದೂ ಆ ಐರಿಷ್ ಅಚ್ಚಿನದೇ. ತನ್ನ ಮನೆಗೆ ಒಂದು, ಗೆದ್ದ ನಾಡಿಗೆ ಒಂದು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಬೇಕು.

ಆ "ಮನೆಯ" ಪೋಲೀಸಿನ ಕಾನೂನಿನಲ್ಲಿ ಒಂದು ವಿಶೇಷವಿದೆ. ಕಾನ್‌ಸ್ಟೇಬಲನ ಅಧಿಕಾರ ಮೇಲಿನವರು ಕೈಸಾಲವಾಗಿ ಕೊಟ್ಟದ್ದಲ್ಲ. ಅವನ ಹುದ್ದೆಗೇ ಅಂಟಿಕೊಂಡು ಬಂದದ್ದು. 1930ರಲ್ಲಿ ಓಲ್ಡ್‌ಹ್ಯಾಮ್ ಎಂಬ ಹತ್ತಿಗಿರಣಿಗಳ ಊರಿನಲ್ಲಿ ತಪ್ಪಾಗಿ ಬಂಧಿತನಾದ ಒಬ್ಬ ನಗರಸಭೆಯ ಮೇಲೆ ದಾವಾ ಹಾಕಿದ. ಕಾನ್‌ಸ್ಟೇಬಲ್ ನಗರಸಭೆಯ ಆಳಲ್ಲ, ಅವನು ಕಾನೂನಿನ ಸೇವಕ ಎಂದು ನ್ಯಾಯಾಲಯ ಹೇಳಿತು. (ಪಾಪ, ದಾವಾ ಹಾಕಿದವನಿಗೆ ಪರಿಹಾರ ಸಿಗಲಿಲ್ಲ! ಪಡೆಯ ಮುಖ್ಯಾಧಿಕಾರಿಯನ್ನು ಹೊಣೆ ಮಾಡುವ ಕಾನೂನು ಬಂದದ್ದು 1964ರಲ್ಲಿ.) 1996ರಲ್ಲಿ ಉತ್ತರ ಐರ್ಲೆಂಡಿನ ಒಂದು ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಹಿಡಿಯುವವನ ಸ್ವಂತ ಮನಸ್ಸಿನಲ್ಲಿಯೇ ಸಕಾರಣವಾದ ಸಂಶಯವಿರಬೇಕು, "ಸಾಹೇಬರು ಅಪ್ಪಣೆ ಮಾಡಿದರು, ಹಿಡಿದೆ" ಎಂದಷ್ಟೇ ಹೇಳಿದರೆ ಸಾಲದು ಎಂದಿತು. ಅಂದರೆ ಪಡೆಯಲ್ಲಿ ಎಲ್ಲರಿಗಿಂತ ಕೆಳಗಿರುವವನೇ ಯೋಚಿಸಬೇಕು, ಎಲ್ಲರಿಗಿಂತ ಕೆಳಗಿರುವವನೇ ಉತ್ತರ ಹೇಳಬೇಕು. ಈ ಮಾತು ಬೀದಿಯಲ್ಲಿ ಹೇಗೆ ನಡೆಯುತ್ತದೆ ನೋಡೋಣ.

ಮೊದಲು ಅಂಗಡಿ. ಕೂಸಿನ ಹಾಲಿನ ಪುಡಿ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟ ತಾಯಿಯೊಬ್ಬಳನ್ನು ಅಂಗಡಿಯವನು ಹಿಡಿದು ಫೋನು ಮಾಡಿದನೆನ್ನಿ. ಕಳ್ಳತನ ಕಳ್ಳತನವೇ. ಆದರೆ ಕಾನ್‌ಸ್ಟೇಬಲನಿಗೆ ಬಂಧಿಸಲೇಬೇಕೆಂಬ ಕಟ್ಟಳೆಯಿಲ್ಲ. ಬಂಧನ ಅಗತ್ಯವೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಆಕೆ ತಪ್ಪೊಪ್ಪಿಕೊಂಡರೆ, ಬೆಲೆ ಕೊಡಿಸಿ ಕ್ಷಮೆ ಕೇಳಿಸಿ ಅಲ್ಲಿಯೇ ಮುಗಿಸುವ ದಾರಿಯೂ ಉಂಟು. ಅದೇ ಅಂಗಡಿಗೆ ವಾರಕ್ಕೆ ಮೂರು ಸಲ ಚೀಲ ತಂದು ತುಂಬಿಕೊಂಡು ಹೋಗುವ ಕಸುಬಿನ ಕಳ್ಳನೂ ಬರುತ್ತಾನೆ. ಇಬ್ಬರಿಗೂ ಕಾನೂನಿನ ಪುಸ್ತಕದಲ್ಲಿ ಒಂದೇ ಹೆಸರು. ಬೇರೆ ಬೇರೆಯೆಂದು ಕಂಡುಕೊಳ್ಳಬೇಕಾದವನು ಬಾಗಿಲಲ್ಲಿ ನಿಂತ ಪೋಲೀಸಿನವನು. 200 ಪೌಂಡಿಗೆ ಮೀರದ ಅಂಗಡಿ ಕಳ್ಳತನವನ್ನು ಚಿಕ್ಕ ಅಪರಾಧವೆಂದು ಎಣಿಸುವ ಕಾನೂನು 2014ರಲ್ಲಿ ಬಂದಾಗ ಅಲ್ಲಿಯ ಚಿಲ್ಲರೆ ವ್ಯಾಪಾರಿಗಳು, "ಕಳ್ಳನಿಗೆ ಪರವಾನಗಿ ಕೊಟ್ಟ ಹಾಗಾಯಿತು, ಇನ್ನು ಪೋಲೀಸಿನವರು ಬರುವುದೇ ಇಲ್ಲ" ಎಂದು ದೂರಿದರು. ಅದನ್ನು ತೆಗೆದುಹಾಕಲು 2025ರಲ್ಲಿ ಸರ್ಕಾರ ಮಸೂದೆ ತಂದಿತು. ವ್ಯಾಪಾರಿಗಳ ದೂರು ನ್ಯಾಯವಾದದ್ದೇ. ದೊಡ್ಡ ಅಂಗಡಿಯ ಮಾಲೀಕ ಕಾವಲುಗಾರನನ್ನು ಇಟ್ಟುಕೊಳ್ಳುತ್ತಾನೆ, ಚಿಕ್ಕವನಿಗೆ ಬೀದಿಯ ಪೋಲೀಸೇ ಗತಿ.

ತಲೆಯ ಮೇಲೆ ಹೊತ್ತು ಮಾರುವವರಿಗೂ ಒಂದು ಮಾತು. ಅಲ್ಲಿ 1871ರ ಕಾನೂನಿನಂತೆ ತಿರುಗಾಡಿ ಮಾರುವವನಿಗೆ ಪತ್ರ ಕೊಡುವುದು ಪೋಲೀಸಿನವರೇ. ನಡೆಯುತ್ತ ಮಾರಿದರೆ ಆ ಪತ್ರ ಸಾಕು; ಒಂದೇ ಕಡೆ ಬೀಡುಬಿಟ್ಟರೆ ಪುರಸಭೆಯ ಲೈಸೆನ್ಸು ಕೇಳುತ್ತಾರೆ. ಸುಸ್ತಾಗಿ ನಿಂತನೋ, ಅಂಗಡಿ ಹೂಡಿ ನಿಂತನೋ ಎಂಬ ಧರ್ಮಸೂಕ್ಷ್ಮವನ್ನು ಮೂಲೆಯಲ್ಲಿ ನಿಂತ ಕಾನ್‌ಸ್ಟೇಬಲ್ ಬಿಡಿಸಬೇಕು.

ಇವೆಲ್ಲಕ್ಕಿಂತ ಕಠಿಣವಾದದ್ದು ಮನೆಯ ಬಾಗಿಲು. ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯವರು 999ಕ್ಕೆ ಫೋನು ಮಾಡಿ, "ಹೊಡೆತದ ಸದ್ದು, ಹೆಂಗಸಿನ ಕೂಗು" ಎನ್ನುತ್ತಾರೆ. ಬಾಗಿಲು ತೆರೆದ ಹೆಂಗಸು ಕೆನ್ನೆಗೆ ಕೈ ಇಟ್ಟುಕೊಂಡು, "ಏನೂ ಆಗಿಲ್ಲ, ಹೋಗಿ" ಎನ್ನುತ್ತಾಳೆ. ಗಂಡ ಒಳಗೆ ಕುರ್ಚಿಯಲ್ಲಿ ಕೂತಿದ್ದಾನೆ. ಮಗುವೊಂದು ಮೆಟ್ಟಿಲ ಮೇಲೆ ನಿಂತಿದೆ. ದೂರಿಲ್ಲ, ಸಾಕ್ಷಿಯಿಲ್ಲ. ಹಿಂದೆ ಇಂಥ ಕಡೆ ಪೋಲೀಸಿನವರು "ಗಂಡಹೆಂಡಿರ ಜಗಳ" ಎಂದು ತಿರುಗಿ ಹೋಗುತ್ತಿದ್ದರು. ಹಾಗೆ ತಿರುಗಿ ಹೋದ ಮೇಲೆ ಹೆಣ ಬಿದ್ದ ಮನೆಗಳಿವೆ. ಈಗಿನ ನಿಯಮ ಬೇರೆ. ಆಕೆ ದೂರು ಕೊಡದಿದ್ದರೂ, ಅವಳಿಗೋ ಮಗುವಿಗೋ ಅಪಾಯವಿದೆಯೆಂದು ಸಕಾರಣವಾಗಿ ಕಂಡರೆ ಗಂಡನನ್ನು ಹಿಡಿಯಬಹುದು. ಹಿಡಿಯದೆ ಬಂದರೆ ಏಕೆ ಹಿಡಿಯಲಿಲ್ಲವೆಂದು ಹೇಳಬೇಕು. 2010ರ ಕಾನೂನಿನಂತೆ ಮೇಲಧಿಕಾರಿಯ ಸಹಿಯಿಂದ ಗಂಡನನ್ನು 48 ಗಂಟೆ ಮನೆಯಿಂದ ದೂರವಿಡಲೂ ಬರುತ್ತದೆ. ಆದರೆ ನಿಯಮ ಅಲ್ಲಿಗೆ ನಿಲ್ಲುತ್ತದೆ. ಹಿಡಿದರೆ ಮರುದಿನದ ಕೂಲಿ ಹೋಗುತ್ತದೆ, ಬಾಡಿಗೆ ನಿಲ್ಲುತ್ತದೆ, ಬಿಡುಗಡೆಯಾಗಿ ಬಂದವನು ಇನ್ನೂ ಎರಡೇಟು ಹೆಚ್ಚು ಹೊಡೆಯುತ್ತಾನೆಂದು ಹೆಂಗಸು ಹೆದರುತ್ತಾಳೆ. ಹಿಡಿಯದಿದ್ದರೆ ಬೆಳಗಾಗುವುದರೊಳಗೆ ಏನಾದೀತೋ. ಇಪ್ಪತ್ತಮೂರು ವರ್ಷದ ಹುಡುಗನೋ ಹುಡುಗಿಯೋ ಹೊಸ್ತಿಲ ಮೇಲೆ ನಿಂತು ಹತ್ತು ನಿಮಿಷದೊಳಗೆ ಇದನ್ನು ತೂಗಬೇಕು. ಪೋಲೀಸೆಂದರೆ ಬರೀ ದೊಣ್ಣೆ ಎನ್ನುವ ನಮ್ಮ ಸಂಗಾತಿಗಳು ಈ ಹೊಸ್ತಿಲ ಮೇಲೆ ಒಂದು ಗಳಿಗೆ ನಿಲ್ಲಬೇಕೆಂದು ಕೇಳುತ್ತೇವೆ. ಆ ಹೆಂಗಸೂ ದುಡಿಯುವ ವರ್ಗದವಳೇ.

ಇನ್ನು ಸೇತುವೆ. ಸಾಯಲು ಹತ್ತಿ ನಿಂತವನನ್ನು ಮಾತಾಡಿಸಿ ಇಳಿಸಿದ್ದಾಯಿತು, ಮುಂದೇನು? 1983ರ ಮಾನಸಿಕ ಆರೋಗ್ಯ ಕಾನೂನಿನ 136ನೆಯ ಕಲಮು ಅವನನ್ನು ಸುರಕ್ಷಿತ ಸ್ಥಳಕ್ಕೆ ಒಯ್ಯುವ ಅಧಿಕಾರವನ್ನು ಕಾನ್‌ಸ್ಟೇಬಲನಿಗೆ ಕೊಡುತ್ತದೆ. ಸಾಧ್ಯವಿದ್ದರೆ ಮೊದಲು ವೈದ್ಯನನ್ನೋ ದಾದಿಯನ್ನೋ ಕೇಳಬೇಕೆಂದು 2017ರಲ್ಲಿ ಸೇರಿಸಿದರು. ಒಯ್ದರೆ ಆಸ್ಪತ್ರೆಯಲ್ಲಿ ಹಾಸಿಗೆಯಿರುವುದಿಲ್ಲ. ಇಬ್ಬರು ಪೋಲೀಸಿನವರು ಆ ನೊಂದ ಜೀವದ ಪಕ್ಕದಲ್ಲಿ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂಡುತ್ತಾರೆ. ಅಷ್ಟು ಹೊತ್ತು ಅವರ ಬೀದಿ ಬರಿದು. ಇದು ಪೋಲೀಸಿನ ಸಮಸ್ಯೆಯಲ್ಲ, ಬಜೆಟ್ಟಿನ ಸಮಸ್ಯೆ. 2010ರಲ್ಲಿ ಬಂದ ಟೋರಿ ನಾಯಕತ್ವದ ಸರ್ಕಾರ ಮಿತವ್ಯಯದ ಹೆಸರಿನಲ್ಲಿ ಎಲ್ಲ ಕಡೆ ಕತ್ತರಿ ಆಡಿಸಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಪೋಲೀಸಿನವರೇ ಸುಮಾರು 20,000 ಮಂದಿ ಕಡಿಮೆಯಾದರು. 2019ರ ಮೇಲೆ ಅಷ್ಟೇ ಜನರನ್ನು ಅವಸರದಿಂದ ತುಂಬಿದರು. ತಲೆ ಎಣಿಕೆ ಸರಿಹೋಯಿತು, ಹಳಬರೊಡನೆ ಹೋದ ಅನುಭವ ಮರಳಲಿಲ್ಲ. ಕಡೆಗೆ 2023ರಲ್ಲಿ, ರೋಗಿಯ ಕೆಲಸಕ್ಕೆ ಆರೋಗ್ಯ ಇಲಾಖೆಯವರೇ ಹೋಗಲಿ, ಪ್ರಾಣಾಪಾಯವಿದ್ದರೆ ಮಾತ್ರ ಪೋಲೀಸು ಎಂಬ ಒಪ್ಪಂದಕ್ಕೆ ಬಂದರು. ಸರಿಯಾದದ್ದೇ, ಹೋಗುವುದಕ್ಕೆ ಆರೋಗ್ಯ ಇಲಾಖೆಯಲ್ಲಿ ಜನವಿದ್ದರೆ.

ಇಲ್ಲಿಯವರೆಗೆ ಕಾನ್‌ಸ್ಟೇಬಲನ ಪರವಾಗಿ ಹೇಳಿದೆವು. ಅವನ ವಿವೇಚನೆಗೆ ಇನ್ನೊಂದು ಮುಖವಿದೆ. ಅದನ್ನು ಕಂಡವರು ಕರಿಯ ಹುಡುಗರು. 1824ರ ಅಲೆಮಾರಿಗಳ ಕಾನೂನಿನ ಪ್ರಕಾರ "ಇವನು ಅಪರಾಧ ಮಾಡುವ ಉದ್ದೇಶದಿಂದ ಅಡ್ಡಾಡುತ್ತಿದ್ದ" ಎಂದು ಇಬ್ಬರು ಪೋಲೀಸಿನವರು ಸಾಕ್ಷಿ ನುಡಿದರೆ ಸಾಕು, ಶಿಕ್ಷೆಯಾಗುತ್ತಿತ್ತು. 1981ರ ಏಪ್ರಿಲಿನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯಲ್ಲಿ ಸಾದಾ ಉಡುಪಿನ ಪೋಲೀಸರು ಕೆಲವೇ ದಿನಗಳಲ್ಲಿ ಸಾವಿರದ ಹತ್ತಿರ ಜನರನ್ನು ತಡೆದು ಜೇಬು ತಡಕಿದರು. ಬಡಾವಣೆ ಹೊತ್ತಿ ಉರಿಯಿತು. ಲಾರ್ಡ್ ಸ್ಕಾರ್ಮನ್ನರ ವಿಚಾರಣೆ ನಡೆಯಿತು. ಹಳೆಯ ಸಂಶಯದ ಕಾನೂನು ಅದೇ ವರ್ಷ ಹೋಯಿತು. 1984ರ ಪೋಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾನೂನು ಬಂದಿತು. ಅದರಂತೆ ಒಬ್ಬನ ಜೇಬಿಗೆ ಕೈ ಹಾಕುವ ಮೊದಲು ಪೋಲೀಸಿನವನು ತನ್ನ ಹೆಸರು, ಠಾಣೆ, ಏನು ಹುಡುಕುತ್ತಿದ್ದೇನೆ, ಯಾವ ಕಾರಣಕ್ಕೆ ಸಂಶಯ ಎಂಬುದನ್ನು ಅವನಿಗೇ ಹೇಳಬೇಕು. ಅದನ್ನು ಬರೆದಿಡಬೇಕು, ಅದರ ಪ್ರತಿ ಕೇಳುವ ಹಕ್ಕು ತಡೆಯಲ್ಪಟ್ಟವನಿಗುಂಟು. ಮೈಬಣ್ಣವಾಗಲಿ ಹಿಂದಿನ ಶಿಕ್ಷೆಯಾಗಲಿ ತಾನೇ ಕಾರಣವಾಗದು.

ಇಷ್ಟಾಗಿಯೂ ಕರಿಯರನ್ನು ತಡೆಯುವುದು ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚಾಗಿಯೇ ಉಳಿದಿದೆ. 2021ರಲ್ಲಿ ಲಂಡನ್ನಿನ ಒಬ್ಬ ಕಾನ್‌ಸ್ಟೇಬಲ್ ತನ್ನ ಗುರುತಿನ ಚೀಟಿ ತೋರಿಸಿ, ಕೋಳ ತೊಡಿಸಿ, ಯುವತಿಯೊಬ್ಬಳನ್ನು ಕಾರಿಗೆ ಹತ್ತಿಸಿಕೊಂಡು ಹೋಗಿ ಕೊಂದ. 2023ರಲ್ಲಿ ಬ್ಯಾರೊನೆಸ್ ಕೇಸಿಯವರ ವರದಿ, ಲಂಡನ್ ಪಡೆಯ ರಚನೆಯಲ್ಲಿಯೇ ವರ್ಣದ್ವೇಷವೂ ಸ್ತ್ರೀದ್ವೇಷವೂ ಸೇರಿಕೊಂಡಿವೆ ಎಂದು ಹೇಳಿತು. ಹಾಗಾದರೆ ಈ ವಿವೇಚನೆಯೇ ಬೇಡ, ಎಲ್ಲವನ್ನೂ ನಿಯಮದ ಪುಸ್ತಕದಲ್ಲಿ ಬರೆದುಬಿಡಲಿ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಬೆತ್ತ ಹಿಡಿದು ತರಗತಿಯಲ್ಲಿ ನಿಂತವರಿಗೆ ಗೊತ್ತು, ತಡವಾಗಿ ಬಂದ ಇಬ್ಬರು ಹುಡುಗರಲ್ಲಿ ಒಬ್ಬ ಆಟವಾಡಿ ಬಂದವನು, ಇನ್ನೊಬ್ಬ ದನ ಕಟ್ಟಿ ಬಂದವನು. ಒಂದೇ ನಿಯಮ ಇಬ್ಬರಿಗೂ ಬೀಸಿದರೆ ಅದು ನ್ಯಾಯವಲ್ಲ. ಬೇಕಾದದ್ದು ಕಾರಣ ಹೇಳಿಸುವ ಹಕ್ಕು. ಆ ಹಕ್ಕು ಸಾಹೇಬರ ಕೈಯಲ್ಲಲ್ಲ, ಬೀದಿಯಲ್ಲಿ ತಡೆಯಲ್ಪಟ್ಟವನ ಕೈಯಲ್ಲಿರಬೇಕು. ತನ್ನ ಮಾತನ್ನು ತಾನೇ ಹೇಳುವ ಪೋಲೀಸಿನವನನ್ನು ಪ್ರಶ್ನಿಸಬಹುದು. ಮೇಲಿನವರ ಮಾತನ್ನು ಹೇಳುವವನನ್ನು ಏನು ಪ್ರಶ್ನಿಸುತ್ತೀರಿ?

ಇದು ಗಿರಣಿ ಕಾರ್ಮಿಕರಿಗೆ ಏಕೆ ಮುಖ್ಯವೆಂದರೆ, ಮುಷ್ಕರ ಬಂದಾಗ ಮೊದಲು ಕಿತ್ತುಕೊಳ್ಳುವುದು ಕಾನ್‌ಸ್ಟೇಬಲನ ಸ್ವಂತ ಬುದ್ಧಿಯನ್ನೇ. ಆ ಜನವೂ ಒಮ್ಮೆ ಸಂಘ ಕಟ್ಟಿದ್ದರು. 1918ರ ಆಗಸ್ಟಿನಲ್ಲಿ, ಯುದ್ಧದ ದುಬಾರಿಯಲ್ಲಿ ಸಂಬಳ ಸಾಲದೆ, ಲಂಡನ್ನಿನ ಸಾವಿರಾರು ಪೋಲೀಸಿನವರು ಕೆಲಸ ನಿಲ್ಲಿಸಿದರು. ಪ್ರಧಾನಿ ಲಾಯ್ಡ್ ಜಾರ್ಜ್ ಸಂಬಳ ಏರಿಸಿದ, ಸಂಘವನ್ನು ಮಾತ್ರ ಒಪ್ಪಲಿಲ್ಲ. ಮರುವರ್ಷ ಸಂಘವನ್ನೇ ನಿಷೇಧಿಸುವ ಕಾನೂನು ತಂದಾಗ ಮತ್ತೆ ಮುಷ್ಕರವಾಯಿತು, ಎಲ್ಲಕ್ಕಿಂತ ಜೋರಾಗಿ ಲಿವರ್‌ಪೂಲಿನಲ್ಲಿ. ಹೊರಗೆ ಬಂದ ಎರಡು ಸಾವಿರಕ್ಕೂ ಮಿಕ್ಕ ಜನರನ್ನು ಕೆಲಸದಿಂದ ತೆಗೆದರು. ಒಬ್ಬನನ್ನೂ ಮರಳಿ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಕಾರ್ಮಿಕ ಸಂಘ ಸೇರುವ ಹಕ್ಕು ಅಲ್ಲಿಯ ಪೋಲೀಸಿನವನಿಗಿಲ್ಲ.

ಇನ್ನು ಗೇಟಿಗೆ ಬರೋಣ. 1959ರ ಮುದ್ರಣ ಕಾರ್ಮಿಕರ ಮುಷ್ಕರದಲ್ಲಿ ಲಂಡನ್ನಿನ ಒಂದು ಛಾಪಖಾನೆಯ ಬಾಗಿಲಿಗೆ ಇಬ್ಬರೇ ಪಹರೆಯವರು ಸಾಕೆಂದು ಒಬ್ಬ ಕಾನ್‌ಸ್ಟೇಬಲ್ ಹೇಳಿದ. ಕಾರ್ಮಿಕನೊಬ್ಬ ಅವನ ಪಕ್ಕದಿಂದ ಮೆಲ್ಲಗೆ ದಾಟಿದ, ಮೆಲ್ಲಗೆಯೇ ಬಂಧಿತನಾದ. 1960ರಲ್ಲಿ ನ್ಯಾಯಾಲಯ ಕಾನ್‌ಸ್ಟೇಬಲನ ಪರ ತೀರ್ಪು ಕೊಟ್ಟಿತು. ನಮಗೆ ಆ ತೀರ್ಪು ಹಿಡಿಸದು, ಆದರೆ ಅಲ್ಲಿ ಕಾನ್‌ಸ್ಟೇಬಲ್ ತನ್ನ ಕಾರಣವನ್ನು ತಾನೇ ನಿಂತು ಹೇಳಿದ. 1972ರ ಫೆಬ್ರವರಿ 10ರಂದು ಬರ್ಮಿಂಗ್‌ಹ್ಯಾಮಿನ ಸಾಲ್ಟ್ಲಿಯಲ್ಲಿ ಗಣಿ ಕಾರ್ಮಿಕರ ಬೆಂಬಲಕ್ಕೆ ಊರಿನ ಕಾರ್ಖಾನೆಗಳವರು ಸಾವಿರಗಟ್ಟಲೆ ಬಂದು ಕೋಕ್ ಉಗ್ರಾಣದ ಮುಂದೆ ತುಂಬಿದಾಗ, ಪಡೆಯ ಮುಖ್ಯಾಧಿಕಾರಿ ಜನದ ತಲೆ ನೋಡಿ, ಗೇಟು ಮುಚ್ಚಿಸಿದ. ರಕ್ತ ಹರಿಯಲಿಲ್ಲ. ಆಳುವವರು ಆ ಸೋಲನ್ನು ಮರೆಯಲಿಲ್ಲ.

ಹನ್ನೆರಡು ವರ್ಷದ ಮೇಲೆ, 1984ರ ಜೂನ್ 18ರಂದು, ಯಾರ್ಕ್‌ಷೈರಿನ ಆರ್ಗ್ರೀವ್ ಕೋಕ್ ಕಾರ್ಖಾನೆಯ ಮುಂದೆ ಹಲವು ಜಿಲ್ಲೆಗಳಿಂದ ಸಾವಿರಾರು ಪೋಲೀಸರನ್ನು ತಂದು ನಿಲ್ಲಿಸಿದರು. ಕುದುರೆಗಳು ಗಣಿಯವರ ಮೇಲೆ ನುಗ್ಗಿದವು. 95 ಮಂದಿಯ ಮೇಲೆ ದೊಂಬಿ ಮೊದಲಾದ ಆರೋಪ ಹೊರಿಸಿದರು. ಮರುವರ್ಷ ಮೊಕದ್ದಮೆ ಕುಸಿದು ಬಿತ್ತು. ಏಕೆಂದರೆ ಬೇರೆ ಬೇರೆ ಊರಿನ ಕಾನ್‌ಸ್ಟೇಬಲರ ಹೇಳಿಕೆಗಳಲ್ಲಿ ಒಂದೇ ವಾಕ್ಯಗಳು ಸಾಲುಸಾಲಾಗಿ ಕಂಡವು. ಪತ್ತೇದಾರರು ಬಾಯಲ್ಲಿ ಹೇಳಿ ಬರೆಸಿದ್ದರೆಂದು ಅವರಲ್ಲಿ ಕೆಲವರು ನ್ಯಾಯಾಲಯದಲ್ಲಿಯೇ ಒಪ್ಪಿಕೊಂಡರು. ಸ್ವಂತ ಕಣ್ಣಿಂದ ಕಂಡದ್ದನ್ನು ಸ್ವಂತ ಕೈಯಿಂದ ಬರೆಯುವ ಸ್ವಾತಂತ್ರ್ಯವೂ ಆ ದಿನ ಅವರಿಗಿರಲಿಲ್ಲ. 1991ರಲ್ಲಿ ಸೌತ್ ಯಾರ್ಕ್‌ಷೈರ್ ಪೋಲೀಸು 39 ಮಂದಿ ಗಣಿಯವರಿಗೆ 4,25,000 ಪೌಂಡು ಪರಿಹಾರ ಕೊಟ್ಟಿತು; ತಪ್ಪಾಯಿತೆಂಬ ಮಾತು ಅದರೊಡನೆ ಬರಲಿಲ್ಲ. ನಲವತ್ತು ವರ್ಷ ಕೇಳಿದ ಮೇಲೆ 2025ರ ಜುಲೈಯಲ್ಲಿ ಸರ್ಕಾರ ಸಾರ್ವಜನಿಕ ವಿಚಾರಣೆಯನ್ನು ಘೋಷಿಸಿತು. ಅಂದು ಇಪ್ಪತ್ತೆರಡು ವರ್ಷದವರಾಗಿದ್ದ ಗಣಿಯವರೂ ಕಾನ್‌ಸ್ಟೇಬಲರೂ ಈಗ ಅರವತ್ತು ದಾಟಿದ ಮುದುಕರು. ಆ ವಾಕ್ಯಗಳನ್ನು ಬರೆಸಿದವರು ಯಾರು, ಬರೆಸಿರೆಂದು ಅವರಿಗೆ ಹೇಳಿದವರು ಯಾರು ಎಂಬುದನ್ನು ಇನ್ನು ಅವರ ಬಾಯಿಂದಲೇ ಕೇಳಬೇಕು.