ಲಕೋಟೆಯೇರಿದ ಗೋಲಗುಮ್ಮಟ

ಕಡಲಾಚೆಯ ಗೆಳೆಯನಿಗೆ ಕಳುಹುವ ಕಾಣಿಕೆಯು ಹಿರಿದಾಗಿರಬೇಕೆಂಬ ನಿಯಮವೇನೂ ಇಲ್ಲ. ಒಂದು ಅಂಚೆಚೀಟಿ, ಒಂದು ಚಿತ್ರದ ಕಾರ್ಡು, ಬೆಂಕಿಪೆಟ್ಟಿಗೆಯ ಮೇಲಣ ಬಣ್ಣದ ಚೀಟಿ, ಇಷ್ಟಾದರೂ ಸಾಕು. ಸಂಗ್ರಾಹಕನ ಕಣ್ಣಿಗೆ ಬೆರಳಗಲದ ಕಾಗದದಲ್ಲಿ ಒಂದು ನಾಡೇ ಕಾಣುತ್ತದೆ. ತೊಡಕಿರುವುದು ವೆಚ್ಚದಲ್ಲಿ. ಹತ್ತು ರೂಪಾಯಿಯ ವಸ್ತುವಿನ ಪ್ರಯಾಣಕ್ಕೆ ನೂರಾರು ರೂಪಾಯಿ ತೆರಬೇಕೆಂದಾಗ, ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ಗೃಹಸ್ಥನು ಸ್ನೇಹವನ್ನು ಮನಸ್ಸಿನಲ್ಲಿಯೇ ಇರಿಸಿಕೊಂಡು ಸುಮ್ಮನಾಗುತ್ತಾನೆ. ಆದರೆ ಹಾಗೆ ಸುಮ್ಮನಾಗಬೇಕಾದ ಅಗತ್ಯವಿಲ್ಲ.

ಈ ಹವ್ಯಾಸದಲ್ಲಿ ವಿಜಯಪುರದವರಿಗೆ ಒಂದು ವಿಶೇಷವಾದ ಹಕ್ಕೇ ಉಂಟು. 1949ರ ಆಗಸ್ಟ್ 15ರಂದು ಸ್ವತಂತ್ರ ಭಾರತವು ತನ್ನ ಪ್ರಾಚೀನ ಶಿಲ್ಪವೈಭವವನ್ನು ಸಾರುವ 16 ಅಂಚೆಚೀಟಿಗಳ ಮಾಲೆಯೊಂದನ್ನು ಹೊರಡಿಸಿತು. ಅಜಂತೆ, ಕೋನಾರಕ, ಸಾಂಚಿ, ತಾಜಮಹಲುಗಳ ಪಂಕ್ತಿಯಲ್ಲಿ ಆರಾಣೆಯ ಚೀಟಿಯ ಮೇಲೆ ಕುಳಿತದ್ದು ವಿಜಯಪುರದ ಗೋಲಗುಮ್ಮಟ. ಮುಹಮ್ಮದ್ ಆದಿಲಶಹನು ಕಟ್ಟಿಸಿದ ಆ ಸಮಾಧಿಯೊಳಗೆ ಒಂದು ಬದಿಯ ಪಿಸುಮಾತು ಮತ್ತೊಂದು ಬದಿಗೆ ಸ್ಪಷ್ಟವಾಗಿ ಕೇಳುವುದಷ್ಟೆ! ಆರಾಣೆಯ ಆ ಚೀಟಿಯು ಊರಿನ ಹೆಸರನ್ನು ಅದಕ್ಕಿಂತಲೂ ದೂರಕ್ಕೆ ಮುಟ್ಟಿಸಿತು.

ಕಡಿಮೆ ಖರ್ಚಿನಲ್ಲಿ ಕಾಗದವು ಸಮುದ್ರ ದಾಟುವಂತಾದುದರ ಹಿಂದೆ ಒಂದು ದೊಡ್ಡ ವಿಚಾರವಿದೆ. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರಾಷ್ಟ್ರಗಳು ಕೂಡಿ, ಅಂಚೆಯ ಮಟ್ಟಿಗೆ ತಮ್ಮ ನೆಲವೆಲ್ಲ ಒಂದೇ ಎಂದು ಒಪ್ಪಿಕೊಂಡವು. 1876ರಲ್ಲಿ ಭಾರತವೂ ಆ ಒಕ್ಕೂಟವನ್ನು ಸೇರಿತು. ಕಳುಹಿಸಿದ ದೇಶವು ಹಣ ಪಡೆಯುವುದು, ಮುಟ್ಟಿದ ದೇಶವು ಪುಕ್ಕಟೆಯಾಗಿ ಹಂಚುವುದು, ಇದು ಅಂದಿನ ಏರ್ಪಾಡು. ಬರುವ ಪತ್ರಕ್ಕೆ ಹೋಗುವ ಪತ್ರವು ಸರಿಹೋಗುತ್ತದೆಂಬ ನಂಬಿಕೆ ಅದಕ್ಕೆ ಆಧಾರವಾಗಿತ್ತು. ಕಾಲಕ್ರಮದಲ್ಲಿ ತಕ್ಕಡಿಯು ಒಂದು ಬದಿಗೆ ವಾಲಿತು. 1969ರ ಟೋಕಿಯೋ ಮಹಾಸಭೆಯಲ್ಲಿ, ಹಂಚುವ ದೇಶಕ್ಕೂ ಕೂಲಿ ಸಲ್ಲಬೇಕೆಂದು ಗೊತ್ತಾಯಿತು. 2019ರಲ್ಲಿ ಜಿನೀವಾದಲ್ಲಿ ನೆರೆದ ವಿಶೇಷ ಸಭೆಯು, ಸಣ್ಣ ಪೊಟ್ಟಣಗಳಿಗೆ ಆ ಕೂಲಿಯನ್ನು ದೇಶಗಳು ತಾವೇ ಗೊತ್ತುಮಾಡಿಕೊಳ್ಳಲು ದಾರಿ ತೆರೆಯಿತು. ಪೊಟ್ಟಣದ ದರವು ಏಕೆ ಏರಿತೆಂದು ಕೇಳುವವರಿಗೆ ಉತ್ತರದ ಒಂದು ಪಾಲು ಇಲ್ಲಿದೆ.

ಇನ್ನು ಮಿತವ್ಯಯದ ಮಾತು. ಅಂಚೆಚೀಟಿಯನ್ನು ಲಕೋಟೆಯೊಳಗೆ ಇಟ್ಟರೆ ಸುಂಕದವರ ಲೆಕ್ಕದಲ್ಲಿ ಅದು ಸರಕು. ಲಕೋಟೆಯ ಮೇಲೆ ಅಂಟಿಸಿದರೆ ಅಂಚೆಯ ವೆಚ್ಚ! ಈ ಸಣ್ಣ ಭೇದದಲ್ಲಿಯೇ ಜಾಣತನವೆಲ್ಲ ಅಡಗಿದೆ. ಯಂತ್ರದ ಮುದ್ರೆಯ ಬದಲು ನಾಲ್ಕಾರು ಬಗೆಯ ಚೆಲುವಾದ ಸ್ಮಾರಕ ಚೀಟಿಗಳನ್ನು ಹಚ್ಚಿ, ಠಸ್ಸೆಯನ್ನು ತೆಳುವಾಗಿ, ಸ್ಪಷ್ಟವಾಗಿ ಒತ್ತಬೇಕೆಂದು ಅಂಚೆಯವರನ್ನು ವಿನಯದಿಂದ ಕೇಳಿಕೊಂಡರೆ, ಆ ಕಾಗದವೇ ಕಾಣಿಕೆಯಾಗುತ್ತದೆ. ವಿಜಯಪುರದ ಮುಖ್ಯ ಅಂಚೆ ಕಚೇರಿಯ ಠಸ್ಸೆಗಿಂತಲೂ ತಿಕೋಟಾ, ಬಬಲೇಶ್ವರದಂಥ ಸಣ್ಣ ಊರುಗಳ ಠಸ್ಸೆಯನ್ನು ಪರದೇಶದ ಸಂಗ್ರಾಹಕನು ಹೆಚ್ಚು ಆದರದಿಂದ ನೋಡಿಯಾನು. ಅದು ಅವನಿಗೆ ಸುಲಭವಾಗಿ ದೊರೆಯುವಂಥದಲ್ಲ.

ತೂಕದ ಕಡೆಗೂ ಗಮನವಿರಬೇಕು. ಸಾಮಾನ್ಯವಾದ ಎ-ನಾಲ್ಕು ಅಳತೆಯ ಹಾಳೆಯೊಂದು ಸುಮಾರು 5 ಗ್ರಾಮು ತೂಗುತ್ತದೆ. ಎರಡು ಹಾಳೆಯ ಪತ್ರ, ಹಗುರವಾದ ಲಕೋಟೆ, ಮೇಲಣ ಚೀಟಿಗಳು ಸೇರಿದರೂ 20 ಗ್ರಾಮಿನೊಳಗೆ ನಿಲ್ಲಿಸಬಹುದು. ದಪ್ಪ ರಟ್ಟು, ಲೋಹದ ಪಿನ್ನು, ಅಂಟುಪಟ್ಟಿಗಳು ಹಣವನ್ನೂ ತಿನ್ನುತ್ತವೆ, ಚೀಟಿಯನ್ನೂ ಕೆಡಿಸುತ್ತವೆ.

ವಸ್ತುವನ್ನೇ ಕಳುಹಬೇಕಾದಾಗ ಮಾರ್ಗ ಬೇರೆ. ಹಿಂದೆ ಇದ್ದ ನೋಂದಾಯಿತ ಸಣ್ಣ ಪೊಟ್ಟಣದ ಸೇವೆಯನ್ನು ಭಾರತೀಯ ಅಂಚೆಯು 2026ರ ಜನವರಿ 1ರಿಂದ ನಿಲ್ಲಿಸಿದೆ. ಎರಡು ಕಿಲೋಗ್ರಾಮಿನವರೆಗಿನ ಹಗುರ ವಸ್ತುಗಳಿಗೆ, ಪ್ರಯಾಣದ ಜಾಡು ತಿಳಿಯುವ ಅಂತರರಾಷ್ಟ್ರೀಯ ಟ್ರ್ಯಾಕ್ಡ್ ಪ್ಯಾಕೆಟ್ ಸೇವೆಯುಂಟು. ಇದರಲ್ಲಿ ಆರಂಭದ ದರವೇ ಭಾರ. ಮುಂದಿನ ತೂಕಕ್ಕೆ ಏರುವುದು ಅಲ್ಪ. ಆದ್ದರಿಂದ ತಿಂಗಳಿಗೊಂದು ಪುಟ್ಟ ಪೊಟ್ಟಣ ಕಳುಹುವುದಕ್ಕಿಂತ ವರ್ಷಕ್ಕೊಮ್ಮೆ ಕೂಡಿಸಿ ಕಳುಹುವುದು ಲೇಸು. ಸುಂಕದ ಚೀಟಿಯಲ್ಲಿ ಬರಿದೇ 'ಉಡುಗೊರೆ' ಎಂದು ಬರೆದರೆ ಸಾಲದು. ಬಳಸಿದ ಅಂಚೆಚೀಟಿ, ಇಷ್ಟು ಸಂಖ್ಯೆ, ಇಷ್ಟು ತೂಕ, ಇಷ್ಟು ಬೆಲೆ ಎಂದು ನಿಜವನ್ನೇ ಬರೆಯಬೇಕು. ಅಮೆರಿಕೆಗೆ ಕಳುಹುವವರು ಇನ್ನೂ ಎಚ್ಚರದಿಂದಿರಬೇಕು. 800 ಡಾಲರುಗಳವರೆಗಿನ ವಸ್ತುವಿಗೆ ಅಲ್ಲಿದ್ದ ಸುಂಕದ ವಿನಾಯಿತಿಯು 2025ರ ಆಗಸ್ಟ್ 29ಕ್ಕೆ ಮುಗಿಯಿತು. ಕೆಲವು ವಾರ ನಿಂತಿದ್ದ ಪೊಟ್ಟಣಗಳ ರವಾನೆಯು ಅಕ್ಟೋಬರ್ 15ರಂದು ಮರಳಿ ಆರಂಭವಾಯಿತು. ಕಟ್ಟುವ ಮೊದಲೇ ಅಂಚೆ ಕಚೇರಿಯಲ್ಲಿ ಅಂದಿನ ದರವನ್ನೂ ಸುಂಕವನ್ನೂ ವಿಚಾರಿಸುವುದು ಕ್ಷೇಮ. ತಿಕೋಟಾದ ಒಣದ್ರಾಕ್ಷಿಯನ್ನು ಒಂದು ಹಿಡಿ ಜೊತೆಗಿಡೋಣವೆಂಬ ವಾತ್ಸಲ್ಯವೂ ಇಲ್ಲಿ ಸಲ್ಲದು. ತಿನಿಸಿಗೆ ಆಯಾ ದೇಶದ ತಪಾಸಣೆ ಬೇರೆಯೇ ಇರುತ್ತದೆ. ದ್ರಾಕ್ಷಿಯ ದೆಸೆಯಿಂದ ಚೀಟಿಗಳೂ ಸೆರೆಯಾದಾವು.

ಇವೆಲ್ಲಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ವಿಜಯಪುರದ ಸುತ್ತಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಹಳೆಯ ನಾಣ್ಯಗಳು ಇದ್ದರೆ ಅಚ್ಚರಿಯಿಲ್ಲ. ಎರಡನೆಯ ಅಲಿ ಆದಿಲಶಹನ ಹೆಸರಿನಲ್ಲಿ, ಬೆಳ್ಳಿಯ ತಂತಿಯನ್ನು ಮಡಿಸಿ ಮುದ್ರೆಯೊತ್ತಿದ 'ಲಾರಿ' ಎಂಬ ವಿಚಿತ್ರ ನಾಣ್ಯವು ಚಲಾವಣೆಯಲ್ಲಿತ್ತು. ಕೂದಲಿನ ಪಿನ್ನಿನಂತೆ ಕಾಣುವ ಅದನ್ನು ಕಾಗದದಲ್ಲಿ ಸುತ್ತಿ ಕಳುಹುವುದು ಎಷ್ಟು ಸುಲಭ! ಆದರೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವು ಪುರಾವಸ್ತು. ಎಪ್ಪತ್ತೈದು ವರ್ಷ ದಾಟಿದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಯೂ ಹಾಗೆಯೇ. ಅವನ್ನು ಹೊರದೇಶಕ್ಕೆ ಸಾಗಿಸುವ ಅಧಿಕಾರವು ಕೇಂದ್ರ ಸರಕಾರಕ್ಕೂ ಅದು ನೇಮಿಸಿದ ಸಂಸ್ಥೆಗೂ ಹೊರತು ಬೇರಾರಿಗೂ ಇಲ್ಲ. ತಪ್ಪಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಹೊಸ ನಾಣ್ಯವಾದರೆ ಆದೀತೇ ಎಂದು ಕೇಳಬಹುದು. ವಿಮೆಯಿಲ್ಲದ ಅಂಚೆಯಲ್ಲಿ ನಾಣ್ಯ, ನೋಟುಗಳನ್ನು ಇಡುವುದನ್ನು ವಿಶ್ವ ಅಂಚೆ ಒಕ್ಕೂಟದ ನಿಯಮವೇ ನಿಷೇಧಿಸಿದೆ. ವಸ್ತುವಿನ ವಯಸ್ಸಿನ ವಿಷಯದಲ್ಲಿ ಸಂದೇಹವಿದ್ದರೆ, ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬಹುದು.

ಸೆರೆವಾಸದ ಭಯಕ್ಕಿಂತಲೂ ಹಿರಿದಾದ ಕಾರಣವೊಂದಿದೆ. ಹೊಸ ಚೀಟಿಯೊಂದು ಹೋದರೆ ಅದರಂಥ ಸಾವಿರ ಚೀಟಿಗಳು ಊರಿನಲ್ಲಿ ಉಳಿದಿರುತ್ತವೆ. ಹಳೆಯ ನಾಣ್ಯವು ಹೋದರೆ, ಅದು ಯಾವ ನೆಲದಲ್ಲಿ, ಯಾರ ಮನೆಯಲ್ಲಿ ಇತ್ತೆಂಬ ಸಂಗತಿಯೂ ಅದರೊಡನೆ ಅಳಿಯುತ್ತದೆ. ಪರದೇಶದ ಹರಾಜಿನಲ್ಲಿ ಅದು ಬರಿಯ ಬೆಳ್ಳಿ; ವಿಜಯಪುರದಲ್ಲಿ ಅದು ಚರಿತ್ರೆಯ ಒಂದು ಪುಟ. ಗೆಳೆಯನಿಗೆ ಅದನ್ನು ತೋರಿಸಲೇಬೇಕೆಂದಿದ್ದರೆ ಛಾಯಾಚಿತ್ರವನ್ನು ಕಳುಹಬಹುದು. ಗೋಲಗುಮ್ಮಟದ ಆವರಣದ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ನೋಡಲು ಅವನನ್ನೇ ಬರಮಾಡಿಕೊಳ್ಳಬಹುದು. ಹಂಚಿಕೊಂಡಷ್ಟೂ ಹೆಚ್ಚುವ ವಸ್ತುವನ್ನು ಧಾರಾಳವಾಗಿ ಕಳುಹಿ, ಒಮ್ಮೆ ಹೋದರೆ ಮರಳದ ವಸ್ತುವನ್ನು ಮನೆಯಲ್ಲಿಯೇ ಕಾಯುವವನು ನಿಜವಾದ ಸಂಗ್ರಾಹಕ.