ಬೆಲೆಯ ಮೇಲಿರುವ ಕಣ್ಣು ತೂಕದ ಮೇಲೇಕಿಲ್ಲ?

ಈರುಳ್ಳಿಯ ಬೆಲೆ ಕಿಲೋಗೆ ಹತ್ತು ರೂಪಾಯಿ ಏರಿದರೆ ಅದು ಮುಖಪುಟದ ಸುದ್ದಿಯಾಗುತ್ತದೆ, ಶಾಸನಸಭೆಯಲ್ಲಿ ಚರ್ಚೆಗೂ ಬರುತ್ತದೆ. ಅದೇ ಈರುಳ್ಳಿ ಕಿಲೋಗೆ ನೂರು ಗ್ರಾಂ ಕಡಿಮೆ ತೂಗಿದರೆ ಯಾರೂ ಕೇಳುವುದಿಲ್ಲ. ಲೆಕ್ಕ ಹಾಕಿ ನೋಡಿದರೆ, ಹತ್ತರಲ್ಲೊಂದು ಪಾಲು ಕಡಿಮೆ ತೂಗುವುದೆಂದರೆ ಬೆಲೆಯನ್ನು ಶೇ 11ರಷ್ಟು ಏರಿಸಿದಂತೆಯೇ. ಬೆಲೆಯ ಏರಿಳಿತವನ್ನು ಗಮನಿಸಲು ರಿಸರ್ವ್ ಬ್ಯಾಂಕ್ ಇದೆ, ಸೂಚ್ಯಂಕಗಳಿವೆ, ಪತ್ರಿಕೆಗಳಿವೆ. ತೂಕವನ್ನು ಕಾಯುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಹೆಸರನ್ನೇ ನಮ್ಮಲ್ಲಿ ಬಹುಮಂದಿ ಕೇಳಿರಲಾರರು.

ಅಳತೆ ಮತ್ತು ತೂಕ ಬರಿಯ ತಾಂತ್ರಿಕ ವಿಷಯವೆಂಬ ಭಾವನೆಯೇ ಈ ಉದಾಸೀನಕ್ಕೆ ಕಾರಣ. ಇತಿಹಾಸ ಹೇಳುವುದು ಬೇರೆಯೇ ಕಥೆ. ಅಳತೆಗೋಲು ಯಾರ ಕೈಯಲ್ಲಿದೆಯೋ ವಹಿವಾಟಿನ ಲಾಭವೂ ಅವರದೇ. ಕೌಟಿಲ್ಯನ ಅರ್ಥಶಾಸ್ತ್ರ ಇದನ್ನು ಬಲ್ಲುದಾಗಿತ್ತು. ತೂಕ ಮತ್ತು ಅಳತೆಗಳ ಮೇಲ್ವಿಚಾರಣೆಗೆಂದೇ ಅದು ಪೌತವಾಧ್ಯಕ್ಷನೆಂಬ ಅಧಿಕಾರಿಯನ್ನು ವಿಧಿಸುತ್ತದೆ. ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಿಕೊಳ್ಳದ ವರ್ತಕನಿಗೆ ದಂಡವನ್ನೂ ಹೇಳುತ್ತದೆ. ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾದಲ್ಲಿ ರಾಜ್ಯಕ್ಕೆಲ್ಲ ಒಂದೇ ಅಳತೆ ಇರಬೇಕೆಂಬ ಷರತ್ತು ಇದೆ. 1789ರಲ್ಲಿ ಫ್ರಾನ್ಸಿನ ಜನರು ದೊರೆಗೆ ಸಲ್ಲಿಸಿದ ಅಹವಾಲುಗಳಲ್ಲಿ, ಜಮೀನ್ದಾರರು ಗೇಣಿಯ ಧಾನ್ಯ ಅಳೆದುಕೊಳ್ಳುವ ಕೊಳಗಗಳ ವಿರುದ್ಧವೂ ದೂರುಗಳಿದ್ದವು. 1795ರ ಮೆಟ್ರಿಕ್ ಕಾನೂನಿನ ಹಿಂದೆ ವಿಜ್ಞಾನಿಗಳ ಕುತೂಹಲದಷ್ಟೇ ರೈತರ ಆಕ್ರೋಶವೂ ಇತ್ತು.

ನಮ್ಮಲ್ಲಿ ಪರಿಸ್ಥಿತಿ ಭಿನ್ನವಾಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಒಂದು ಮಣವೆಂದರೆ ಬಂಗಾಳದಲ್ಲಿ ಸುಮಾರು 37 ಕಿಲೋ, ಮುಂಬಯಿಯಲ್ಲಿ 12.7 ಕಿಲೋ, ಮದರಾಸಿನಲ್ಲಿ 11.3 ಕಿಲೋ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ ತೂಗಿದರೆ ರೈಲ್ವೆ ಸೇರು 80 ತೊಲ ತೂಗುತ್ತಿತ್ತು. ಸಾಲದುದಕ್ಕೆ ಸೇರು ತೂಕವೂ ಹೌದು, ಧಾನ್ಯ ಅಳೆಯುವ ಪಾತ್ರೆಯೂ ಹೌದು. ಬಾಯಿಗೆ ಸಮನಾಗಿ ಅಳೆಯಬೇಕೋ, ಮೇಲೆ ಗೋಪುರ ಬರುವಂತೆ ಅಳೆಯಬೇಕೋ ಎಂಬುದನ್ನು ಅಳೆಯುವವನೇ ತೀರ್ಮಾನಿಸುತ್ತಿದ್ದ. ಸಾಲದ ರಾಗಿಯನ್ನು ಸಮತಟ್ಟಾಗಿ ಕೊಟ್ಟು ಸುಗ್ಗಿಯಲ್ಲಿ ಗೋಪುರವಾಗಿ ಹಿಂಪಡೆದರೆ, ಲೆಕ್ಕದ ಪುಸ್ತಕದಲ್ಲಿ ಕಾಣಿಸದ ಬಡ್ಡಿಯೊಂದು ವಸೂಲಾದಂತೆಯೇ.

ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು 1956ರ ನವೆಂಬರ್ 1ರಂದು ಒಂದಾಯಿತು. ಅದಾದ ಎರಡು ತಿಂಗಳೊಳಗೆ, ಡಿಸೆಂಬರ್ 28ರಂದು, ತೂಕ ಮತ್ತು ಅಳತೆಗಳ ಪ್ರಮಾಣೀಕರಣ ಕಾಯ್ದೆ ದೇಶಕ್ಕೆ ಲಭಿಸಿತು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತಹಂತವಾಗಿ ಜಾರಿಗೊಂಡಿತು. 1962ರ ವೇಳೆಗೆ ಹಳೆಯ ತೂಕಗಳಿಗೆ ಕಾನೂನಿನ ಮಾನ್ಯತೆ ಹೋಯಿತು. ಅಕ್ಷರಸ್ಥರು ಅಲ್ಪಸಂಖ್ಯಾತರಾಗಿದ್ದ ದೇಶವೊಂದು ಕೆಲವೇ ವರ್ಷಗಳಲ್ಲಿ ಇಷ್ಟು ದೊಡ್ಡ ಬದಲಾವಣೆಯನ್ನು ಅರಗಿಸಿಕೊಂಡಿತೆಂಬುದು ಸಣ್ಣ ಸಾಧನೆಯಲ್ಲ. ನಾನು ಶಾಲೆಗೆ ಸೇರುವ ಹೊತ್ತಿಗೆ ಅಂಗಡಿಯಲ್ಲಿ ಕಿಲೋ ನೆಲೆಯೂರಿತ್ತು. ಪಾವು, ಚಟಾಕುಗಳು ಅಡುಗೆಮನೆಗೆ ಸರಿದಿದ್ದವು. ಹೂವಾಡಗಿತ್ತಿ ಇಂದಿಗೂ ಮೊಳದಲ್ಲೇ ಅಳೆಯುತ್ತಾಳೆ. ಅದರಿಂದ ಯಾರ ಬದುಕೂ ಕೆಡುವುದಿಲ್ಲ. ವರ್ಷದ ದುಡಿಮೆಯೆಲ್ಲ ಒಂದೇ ಸಲ ತಕ್ಕಡಿಗೆ ಏರುವಾಗ ಮಾತು ಬೇರೆ.

ವಹಿವಾಟಿನಲ್ಲಿ ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. ತಕ್ಕಡಿಗೂ ಈ ಮಾತು ಒಪ್ಪುತ್ತದೆ. ಕಡಿಮೆ ತೂಗುವವನು ಅಗ್ಗದ ಬೆಲೆ ಹೇಳಬಲ್ಲ. ಸರಿಯಾಗಿ ತೂಗುವವನು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ಆದ್ದರಿಂದ ತೂಕದ ತಪಾಸಣೆ ವ್ಯಾಪಾರಿಗಳಿಗೆ ಕೊಡುವ ಕಿರುಕುಳವಲ್ಲ, ಪ್ರಾಮಾಣಿಕ ವ್ಯಾಪಾರಿಗೆ ಅದೇ ರಕ್ಷಣೆ.

ಸೇವೆಯಲ್ಲಿದ್ದಾಗ ಹಲವು ಕೃಷಿ ಮಾರುಕಟ್ಟೆಗಳನ್ನು ಹತ್ತಿರದಿಂದ ಕಂಡಿದ್ದೇನೆ. ರೈತ ದರದ ಬಗ್ಗೆ ಚೌಕಾಸಿ ಮಾಡುತ್ತಾನೆ. ತೂಕದ ಬಳಿ ಬಂದಾಗ ಮೌನವಾಗುತ್ತಾನೆ. ಚೀಲದ ತೂಕವೆಂದು, ತೇವಾಂಶವೆಂದು, ವಾಡಿಕೆಯೆಂದು ಒಂದೆರಡು ಕಿಲೋ ಕಳೆದರೂ ಆತ ಬಾಯಿ ಬಿಡುವುದಿಲ್ಲ. ತಂದ ಮಾಲನ್ನು ಹಿಂದಕ್ಕೆ ಒಯ್ಯುವ ಶಕ್ತಿ ಅವನಿಗಿಲ್ಲ ಎಂಬುದು ಎದುರಿನವನಿಗೆ ಗೊತ್ತು. ಕಬ್ಬಿನ ತೂಕದ ಬಗ್ಗೆ ಉತ್ತರ ಕರ್ನಾಟಕದಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರುಗಳ ಮೂಲವೂ ಇದೇ. ಅಲ್ಲಿ ಕೊಳ್ಳುವವನೇ ತೂಗುವವನು.

ತೂಕದ ಬಟ್ಟಿನ ಅಡಿಯನ್ನು ಕೊರೆಯುವ ಹಳೆಯ ಮೋಸ ಈಗ ಯಂತ್ರದೊಳಗೆ ಸೇರಿಕೊಂಡಿದೆ. 2017ರಲ್ಲಿ ಉತ್ತರ ಪ್ರದೇಶದ ಪೆಟ್ರೋಲ್ ಬಂಕ್‌ಗಳಲ್ಲಿ ಅಳತೆಯನ್ನು ಕದಿಯುವ ಎಲೆಕ್ಟ್ರಾನಿಕ್ ಚಿಪ್‌ಗಳು ಪತ್ತೆಯಾದವು. ಹೊರಗಿನ ಅಂಕಿ ಸರಿಯಾಗಿಯೇ ಓಡುತ್ತಿತ್ತು. ಪೊಟ್ಟಣಗಳ ಕಥೆ ಇನ್ನೂ ಸೂಕ್ಷ್ಮ. ಹತ್ತು ರೂಪಾಯಿಯ ಬಿಸ್ಕತ್ತು ಹತ್ತೇ ರೂಪಾಯಿಗೆ ಸಿಗುತ್ತದೆ, ಒಳಗಿನ ತೂಕ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ತೂಕವನ್ನು ಮುದ್ರಿಸಿದ್ದರೆ ಇದು ಕಾನೂನುಬಾಹಿರವಲ್ಲ. ಬಿಸ್ಕತ್ತು, ಚಹಾ ಮೊದಲಾದ ಪದಾರ್ಥಗಳನ್ನು ಇಂತಿಷ್ಟೇ ತೂಕದ ಪೊಟ್ಟಣಗಳಲ್ಲಿ ಮಾರಬೇಕೆಂಬ ನಿಯಮವನ್ನು 2021ರ ತಿದ್ದುಪಡಿ ಕೈಬಿಟ್ಟಿತು. ಬದಲಿಗೆ ಗ್ರಾಂ ಅಥವಾ ಕಿಲೋ ಲೆಕ್ಕದ ಬೆಲೆಯನ್ನು ಮುದ್ರಿಸಬೇಕೆಂದಿತು. ಉದ್ದೇಶ ಒಳ್ಳೆಯದೇ. ಆದರೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸಿದ ಮಾಹಿತಿ ಮುಚ್ಚಿಟ್ಟ ಮಾಹಿತಿಗಿಂತ ಹೆಚ್ಚು ಉತ್ತಮವೇನಲ್ಲ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಮಾರುಕಟ್ಟೆ ಪ್ರಾಂಗಣ ಮತ್ತು ಸಕ್ಕರೆ ಕಾರ್ಖಾನೆಗಳ ಬಳಿ ಕೊಳ್ಳುವವನ ಹಿಡಿತದಲ್ಲಿರದ ಸಾರ್ವಜನಿಕ ತೂಕದ ಸೇತುವೆಗಳಿರಬೇಕು. ಎರಡನೆಯದಾಗಿ, ಮಾಪನಶಾಸ್ತ್ರ ಇಲಾಖೆಗೆ ಸಾಕಷ್ಟು ನಿರೀಕ್ಷಕರನ್ನೂ ಯಂತ್ರದ ಒಳಗನ್ನು ಪರೀಕ್ಷಿಸಬಲ್ಲ ತಜ್ಞರನ್ನೂ ಕೊಡಬೇಕು. ಮುದ್ರೆ ಒತ್ತಿ ಶುಲ್ಕ ವಸೂಲು ಮಾಡುವುದಷ್ಟೇ ಅದರ ಕೆಲಸವಾಗಬಾರದು. ಮೂರನೆಯದಾಗಿ, ಗ್ರಾಂ ಲೆಕ್ಕದ ಬೆಲೆ ಗರಿಷ್ಠ ಮಾರಾಟ ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿರಬೇಕು.

ಓದುಗರ ಪಾತ್ರವೂ ಇದೆ. ಬಂಕಿನಲ್ಲಿ ಐದು ಲೀಟರಿನ ಮಾಪನದಿಂದ ಅಳೆದು ತೋರಿಸೆಂದು ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಹಕನಿಗಿದೆ. ಅಡುಗೆ ಅನಿಲದ ಗೃಹಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ನಮೂದಿಸಿರುತ್ತಾರೆ. ತೂಗಿಸಿ ಪಡೆಯಲು ಸಂಕೋಚವೇಕೆ? ತರಕಾರಿ ಅಂಗಡಿಯಲ್ಲಿ ಪ್ರಶ್ನಿಸುವ ಅನುಕೂಲ ನಮ್ಮಂಥ ವಿದ್ಯಾವಂತರಿಗಿದೆ. ಮಾರುಕಟ್ಟೆಗೆ ಚೀಲ ಇಳಿಸಿದ ರೈತನಿಗೆ ಆ ಅನುಕೂಲವಿಲ್ಲ. ಅವನ ಪರವಾಗಿ ಕೇಳಬೇಕಾದುದು ಸರ್ಕಾರ. ಸರ್ಕಾರ ಕೇಳುವಂತೆ ಮಾಡಬೇಕಾದವರು ನಾವು.